ಅಡಿಕೆ ಮರ ಹತ್ತೋ ಆಟ ಮುಗಿದಿದೆ, ಆಡೋಕೆ ಊರಲ್ಲಿ ಯಾರ ಹತ್ತಿರವೂ ಯಂತ್ರ ಇಲ್ಲ. ಎಂತ ಮಾಡಲಿ?

ತೋಟದಂಚು:
ಎಲ್ಲರಿಗೂ ನಮಸ್ಕಾರ. ಊರು ಹೊಸನಗರ ಕಡೆ. ಹಗಲು ತೋಟ, ರಾತ್ರಿ ಕರೆಂಟ್ ಇದ್ದರೆ ಕೋಡಿಂಗ್. ಒಂದೂವರೆ ವರ್ಷದಿಂದ ಒಂದು ಆಟ ಮಾಡುತ್ತಿದ್ದೆ, ಹೆಸರು 'ಕೊನೆಗಾರ', ಅಂದರೆ ಮರ ಹತ್ತಿ ಅಡಿಕೆ ಗೊಂಚಲು (ಕೊನೆ) ಕೊಯ್ದು ಇಳಿಸುವವನು. ಪ್ಲೇಡೇಟ್ ಅಂತ ಒಂದು ಪುಟ್ಟ ಹಳದಿ ಆಟದ ಯಂತ್ರ ಇದೆ, 2022ರಲ್ಲಿ ಬಂದದ್ದು. ಅಂಗೈಯಲ್ಲಿ ಕೂರುತ್ತದೆ. ಪರದೆ 400 x 240, ಕಪ್ಪು ಬಿಳುಪು ಎರಡೇ, ನಡುವೆ ಬೂದು ಬಣ್ಣವೂ ಇಲ್ಲ. ಪಕ್ಕದಲ್ಲಿ ತಿರುಗಿಸೋಕೆ ಒಂದು ಹ್ಯಾಂಡಲ್, ಹಳೇ ಡೀಸೆಲ್ ಪಂಪ್‌ಸೆಟ್ಟಿನ ಹ್ಯಾಂಡಲ್ಲಿನ ಮೊಮ್ಮಗು ತರ. ಅಮೆರಿಕದಿಂದ ಬಂದ ದೊಡ್ಡಪ್ಪನ ಮಗ ತಂದುಕೊಟ್ಟ.

ಹ್ಯಾಂಡಲ್ ನೋಡಿದ ಕೂಡಲೇ ನನಗೆ ಹೊಳೆದದ್ದು ಇದೇ. ತಿರುಗಿಸಿದರೆ ಕೊನೆಗಾರ ಮರ ಹತ್ತುತ್ತಾನೆ. ತುದಿಗೆ ಹೋದಮೇಲೆ ಎಡ ಬಲ ಒತ್ತಿದರೆ ಮರ ತೂಗುತ್ತದೆ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಪಕ್ಕದ ಮರ ಹಿಡಿಯುತ್ತಾನೆ. ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸಬೇಕು, ಕೆಳಗೆ ಒಬ್ಬ ಹಿಡಿಯುತ್ತಾನೆ. ನಡುವೆ ಮಂಗ, ಮಳೆ, ಕೆಂಪಿರುವೆ.

ಆಟವೇನೋ ಆಡೋ ಹಾಗಿದೆ. ಸಮಸ್ಯೆ ಬೇರೆ. ಕನ್ನಡ ಅಕ್ಷರ ಒಂದಕ್ಕೊಂದು ಕೂಡುತ್ತಿಲ್ಲ. ಅಕ್ಷರಗಳನ್ನೆಲ್ಲ ಒಂದೊಂದಾಗಿ ಬರೆದು ಫಾಂಟ್ ಮಾಡಿದೆ, 'ತೀರ್ಥಹಳ್ಳಿ' ಅಂತ ಕೊಟ್ಟರೆ 'ತೀರ್‌ಥಹಳ್‌ಳಿ' ಅಂತ ಬರುತ್ತದೆ. ಎರಡನೆಯದು, ಇದನ್ನು ಎಲ್ಲಿ ಮಾರೋದು, ಎಷ್ಟಕ್ಕೆ, ದುಡ್ಡು ಬಂದರೆ ತೆರಿಗೆ ಕಥೆ ಏನು. ಕೊನೆಯದಾಗಿ ನಿನ್ನೆ ಅಪ್ಪ ಕೇಳಿದ್ದು: "ನಮ್ಮ ತೋಟದ ಆಟ, ನಮ್ಮೂರಲ್ಲಿ ಒಬ್ಬನೂ ಆಡದ ಡಬ್ಬಿಗೆ ಯಾಕೆ ಮಾಡಿದೆ?" ಉತ್ತರ ಗೊತ್ತಾಗಲಿಲ್ಲ.

ಕಾಫಿಪುಡಿ:
ಮೊದಲು ಇದು ಹೇಳಿ, ನಿಮ್ಮ ಕಡೆ ರಾಶಿ ಇಡಿ ಅಡಿಕೆ ರೇಟ್ ಎಷ್ಟು ನಡೆಯುತ್ತಿದೆ?

ಪಿಕ್ಸೆಲ್ ಕಷಾಯ:
@ಕಾಫಿಪುಡಿ ಎಲ್ಲಿ ಹೋದರೂ ಅದೇ ಪ್ರಶ್ನೆಯಾ ಮಾರಾಯ್ರೆ.

@ತೋಟದಂಚು ಅಕ್ಷರದ ವಿಷಯ ನಾನು ಹೇಳುತ್ತೇನೆ, ಇದೇ ಗುಂಡಿಗೆ ನಾನೂ ಬಿದ್ದು ಎದ್ದವನು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಆದಮೇಲೆ ಪಕ್ಕದಲ್ಲಿ ಇನ್ನೊಂದು ಇಟ್ಟರೆ ಮುಗಿಯಿತು. ನಮ್ಮದರಲ್ಲಿ ಗುಣಿತ ಇದೆ, ಒತ್ತಕ್ಷರ ಇದೆ, ಅರ್ಕಾವತ್ತು ಇದೆ. 'ರ್ಥ' ಬರೆಯುವಾಗ ರ ಮೊದಲು ಟೈಪ್ ಆಗುತ್ತದೆ, ಪರದೆ ಮೇಲೆ ಥ ಆದಮೇಲೆ ಬಾಲ ಆಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಈ ಜೋಡಿಸೋ ಕೆಲಸಕ್ಕೆ ಅಂತಲೇ ಹಾರ್ಫ್‌ಬಜ್ ಥರದ ಸಾಫ್ಟ್‌ವೇರ್ ಇರುತ್ತದೆ. ಪುಟ್ಟ ಯಂತ್ರದಲ್ಲಿ ಅದು ಇರೋದಿಲ್ಲ, ಕೋಡ್ ಕೊಟ್ಟ ಅಕ್ಷರಗಳನ್ನು ಸಾಲಾಗಿ ನಿಲ್ಲಿಸುತ್ತದೆ ಅಷ್ಟೇ.

ಅದನ್ನು ನೀನೇ ಬರೆಯೋಕೆ ಹೋಗಬೇಡ. ವ್ಯಂಜನ 34, ಅದಕ್ಕೆ 34 ಒತ್ತು ಅಂತ ಲೆಕ್ಕ ಹಿಡಿದರೇ 1156 ಆಗುತ್ತದೆ, ಗುಣಿತ ಇನ್ನೂ ಸೇರಿಸಿಲ್ಲ. ನಿನ್ನ ಆಟದಲ್ಲಿ ಎಷ್ಟು ಸಾಲು ಮಾತಿದೆ? ನೂರು? ಆ ನೂರು ಸಾಲನ್ನೂ ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ಬರೆದು ಚಿತ್ರ ಮಾಡಿ ಹಾಕು. 200 x 40 ಪಿಕ್ಸೆಲ್ಲಿನ ಒಂದು ಸಾಲು, ಪಿಕ್ಸೆಲ್ಲಿಗೆ ಒಂದು ಬಿಟ್ ಅಂದರೆ 1000 ಬೈಟ್. ನೂರು ಸಾಲಿಗೆ 100 ಕೆಬಿ. ನಿನ್ನ ಯಂತ್ರದಲ್ಲಿ 16 ಎಂಬಿ ರ‍್ಯಾಮ್ ಇದೆ, ಅದಕ್ಕೆ ಇದು ಗೊತ್ತೂ ಆಗೋದಿಲ್ಲ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ತಗೋ, ಎರಡಕ್ಕೂ ಓಪನ್ ಫಾಂಟ್ ಲೈಸೆನ್ಸ್ ಇದೆ, ಆಟ ಮಾರಿದರೂ ತೊಂದರೆ ಇಲ್ಲ. ಆಂಟಿ ಏಲಿಯಾಸಿಂಗ್ (ಅಂಚಿಗೆ ಬೂದು ಬಣ್ಣ ಸೇರಿಸಿ ನಯ ಮಾಡೋದು) ಆಫ್ ಮಾಡಿಕೋ, ಇಲ್ಲದಿದ್ದರೆ ಅಂಚೆಲ್ಲ ಪುಡಿ ಪುಡಿ ಆಗುತ್ತದೆ. ಆಮೇಲೆ ಕೂತು ಕೈಯಲ್ಲಿ ತಿದ್ದಬೇಕು. ತಲೆಕಟ್ಟು ಮುರಿದಿರುತ್ತದೆ, 'ಷ'ದ ಹೊಟ್ಟೆ ಗೀರು ಕಾಣೆಯಾಗಿ 'ಪ' ಆಗಿರುತ್ತದೆ. ನಾನು ಒಂದು ವಾರ ಇದನ್ನೇ ಮಾಡಿದ್ದೇನೆ. ಬೇಜಾರಿನ ಕೆಲಸ, ಆದರೆ ಆಮೇಲೆ ನೋಡೋಕೆ ಚಂದ.

ತೋಟದಂಚು:
ಅಬ್ಬಾ. ಇಷ್ಟು ಸುಲಭ ಇತ್ತಾ! ಎರಡು ತಿಂಗಳು ಒತ್ತಕ್ಷರ ಜೋಡಿಸೋ ಕೋಡ್ ಬರೆಯುತ್ತಾ ಕೂತಿದ್ದೆ. ಒಂದು ಅನುಮಾನ, 'ಇವತ್ತು 23 ಕೊನೆ' ಅಂತ ಅಂಕಿ ಬದಲಾಗೋ ಕಡೆ?

ಪಿಕ್ಸೆಲ್ ಕಷಾಯ:
ಅಂಕಿಗೆ ಒತ್ತು ಗುಣಿತ ಇಲ್ಲ ಅಲ್ವಾ. ಹತ್ತು ಅಂಕಿ ಮಾತ್ರ ಫಾಂಟ್ ಮಾಡು. 'ಇವತ್ತು' ಒಂದು ಚಿತ್ರ, ಅಂಕಿ, 'ಕೊನೆ' ಇನ್ನೊಂದು ಚಿತ್ರ. ಮುಗಿಯಿತು.

ಅಂಕೆಸಂಖ್ಯೆ:
ಕನ್ನಡ ಅಂಕಿ ಹಾಕಿ ದಯವಿಟ್ಟು. ೧ ೨ ೩. ಕನ್ನಡದ ಆಟ ಅಂತ ಹೇಳಿ 23 ಅಂತ ಬರೆದರೆ ಏನು ಬಂತು.

ಕಾಫಿಪುಡಿ:
ಬಸ್ಸಿನ ನಂಬರ್ ಕನ್ನಡದಲ್ಲಿ ಇದ್ದಾಗ ನನ್ನ ಮಗ ೬ ಯಾವುದು ೯ ಯಾವುದು ಗೊತ್ತಾಗದೆ ಸಾಗರದ ಬದಲು ಬೇರೆಲ್ಲಿಗೋ ಹೋಗಿಬಿಟ್ಟಿದ್ದ. ಎರಡೂ ಇರಲಿ.

ಅಂಕೆಸಂಖ್ಯೆ:
ಅದು ಅಂಕಿಯ ತಪ್ಪಲ್ಲ, ಕಲಿಸದವರ ತಪ್ಪು.

ಕಾಫಿಪುಡಿ:
ಕಲಿಸಬೇಕಿದ್ದವನು ನಾನೇ ಮಾರಾಯ್ರೆ, ಬಿಡಿ.

ಬೆಸುಗೆ ಕಡ್ಡಿ:
ಒಂದು ಮಾತು ಕೇಳಲಾ, ಕೋಪ ಬೇಡ. ಪ್ಲೇಡೇಟನ್ನು ಎಲ್ಲರೂ 'ಓಪನ್' ಅನ್ನುತ್ತಾರೆ, ಅದು ಎಂಥ ಓಪನ್? ಒಳಗಿನ ಸಿಸ್ಟಮ್ಮಿನ ಸೋರ್ಸ್ ಕೋಡ್ ಯಾರಿಗೂ ಕೊಟ್ಟಿಲ್ಲ. ನಿಜವಾದ ಓಪನ್ ಅಂದರೆ ಆರ್ಡುಬಾಯ್ ಅನ್ನೋ ಪುಟ್ಟ ಆಟದ ಯಂತ್ರ. ಒಳಗಿರೋದು ಎಟಿಮೆಗಾ 32ಯು4, ಅಂದರೆ ಹವ್ಯಾಸಿಗಳು ಬಳಸೋ ಆರ್ಡುಯಿನೋ ಲಿಯೊನಾರ್ಡೋ ಬೋರ್ಡಿನಲ್ಲಿ ಇರೋ ಅದೇ ಚಿಪ್. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ಒಂದು ಬೋರ್ಡ್, ಒಂದು ಸಣ್ಣ ಓಎಲ್‌ಇಡಿ ಪರದೆ, ಆರು ಬಟನ್ ಬೆಸೆದು ಸಾಬೂನಿನ ಡಬ್ಬಿಯಲ್ಲಿ ಹಾಕಿ ನಾನೇ ಮಾಡಿಕೊಂಡಿದ್ದೆ. ಇವತ್ತಿಗೂ ಓಡುತ್ತದೆ. ಯಾರಪ್ಪನ ಅಪ್ಪಣೆಯೂ ಬೇಕಿಲ್ಲ.

ಪಿಕ್ಸೆಲ್ ಕಷಾಯ:
ಓಡುತ್ತದೆ, ಎಂತದು ಓಡುತ್ತದೆ? ಫ್ಲ್ಯಾಶ್ 32 ಕೆಬಿ, ಅದರಲ್ಲೂ ಬೂಟ್‌ಲೋಡರ್ ಪಾಲು ಬೇರೆ. ರ‍್ಯಾಮ್ ಎರಡೂವರೆ ಕೆಬಿ. ಪರದೆ 128 x 64, ಆ ಒಂದು ಪರದೆಯ ಚಿತ್ರ ಇಡೋಕೇ 1024 ಬೈಟ್ ರ‍್ಯಾಮ್ ಹೋಯಿತು. ಮೇಲೆ ಹೇಳಿದ ನೂರು ಸಾಲು ಕನ್ನಡ ಅದರಲ್ಲಿ ಹಿಡಿಸು ನೋಡೋಣ.

ಬೆಸುಗೆ ಕಡ್ಡಿ:
ನೂರು ಸಾಲು ಯಾಕೆ ಬೇಕು? ಮರ ಹತ್ತೋಕೆ ಮಾತು ಬೇಕಾ? ಕಡಿಮೆ ಜಾಗ ಇದ್ದರೆ ಕಡಿಮೆ ಮಾತಾಡುತ್ತಾರೆ, ಅದೇ ಒಳ್ಳೆಯದು. ಮತ್ತೆ ಈಗ ಹೆಚ್ಚುವರಿ ಫ್ಲ್ಯಾಶ್ ಚಿಪ್ ಇರೋ ಎಫ್ಎಕ್ಸ್ ಮಾದರಿ ಬಂದಿದೆ, 16 ಎಂಬಿ.

ಹಳೇ ಸೆಲ್ಲು:
ಮಕ್ಕಳು ಜಗಳ ಆಡೋದು ನೋಡೋಕೆ ಖುಷಿ. ನಾನು 2006ರಲ್ಲಿ ಜಿಪಿ2ಎಕ್ಸ್ ಅನ್ನೋ ಕೈಯಾಟದ ಯಂತ್ರ ಇಟ್ಟುಕೊಂಡಿದ್ದವನು. ಕೊರಿಯಾದ್ದು, 2005ರ ಕೊನೆಗೆ ಬಂತು, ಒಳಗೆ ಲಿನಕ್ಸ್, 200 ಮೆಗಾಹರ್ಟ್ಸ್, 64 ಎಂಬಿ ರ‍್ಯಾಮ್, ಪರದೆ 320 x 240. ಭಾವ ದುಬೈಯಿಂದ ತಂದದ್ದು. ಎರಡು ಪೆನ್ ಸೆಲ್ಲಿನಲ್ಲಿ ನಡೆಯುತ್ತಿತ್ತು. ನಾನೊಬ್ಬ ಜಿಪುಣ, ಸಂತೆಯಿಂದ ಅಗ್ಗದ ಸೆಲ್ ತಂದು ಹಾಕುತ್ತಿದ್ದೆ, ಟೈಟಲ್ ಪರದೆ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಕೊನೆಗೆ ಗೋಪಿ ಸರ್ಕಲ್ ಹತ್ತಿರ ಚಾರ್ಜ್ ಮಾಡೋ ಸೆಲ್ ಹುಡುಕಿ ತಂದೆ, ಆಗ ಜೀವ ಬಂತು.

ಹೇಳೋಕೆ ಬಂದದ್ದು ಬೇರೆ. ಆಗ ಆಟ ಪ್ರಕಟಿಸೋದು ಅಂದರೆ ಒಂದು ಜಿಪ್ ಫೈಲ್ ಮಾಡಿ ಹಾಕೋದು, ಇನ್ಯಾರೋ ಅದನ್ನು ಎಸ್‌ಡಿ ಕಾರ್ಡಿಗೆ ಹಾಕಿಕೊಳ್ಳೋದು. ಅಂಗಡಿ ಇಲ್ಲ, ಪರೀಕ್ಷೆ ಇಲ್ಲ. ನಾನು ಒಂದು ಚೆನ್ನೆಮಣೆ ಮಾಡಿದ್ದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು, ಒಟ್ಟು 56. ಫಿನ್ಲೆಂಡಿನ ಒಬ್ಬ ಅದನ್ನು ಆಡಿ 'ಕಾಳು ಎಣಿಸುವಾಗ ತಪ್ಪಾಗುತ್ತಿದೆ' ಅಂತ ಪತ್ರ ಬರೆದ. ನಮ್ಮ ಬೀದಿಯಲ್ಲಿ ಅದನ್ನು ನೋಡಿದವರು ನಾನು ಮತ್ತು ನನ್ನ ಅಜ್ಜಿ. ಅಜ್ಜಿ ಒಂದೇ ನಿಮಿಷದಲ್ಲಿ ಅದೇ ತಪ್ಪು ಹಿಡಿದಿದ್ದಳು, ನಾನು ಕೇಳಿರಲಿಲ್ಲ.

ಆದ್ದರಿಂದ @ತೋಟದಂಚು, ನಿಮ್ಮಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆಟವನ್ನು ಮೊದಲು ಅಪ್ಪನ ಕೈಗೇ ಕೊಡು.

ದೋಟಿ:
ಫೋನಿಗೆ ಮಾಡಿದ್ದರೆ ಇಷ್ಟೆಲ್ಲ ಗೋಳು ಇರುತ್ತಿತ್ತಾ? ಎಲ್ಲರ ಕೈಯಲ್ಲೂ ಆಂಡ್ರಾಯ್ಡ್ ಇದೆ.

ಪಿಕ್ಸೆಲ್ ಕಷಾಯ:
ಫೋನಿನ ಗೋಳು ಬೇರೆ. ಪ್ಲೇ ಸ್ಟೋರಿಗೆ ಒಂದು ಸಲ 25 ಡಾಲರ್ ಕಟ್ಟಬೇಕು, ಅದು ಪರವಾಗಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದರೆ ಬಿಡುಗಡೆಗೆ ಮೊದಲು ಕನಿಷ್ಠ 12 ಜನ 14 ದಿನ ಬಿಡದೆ ಟೆಸ್ಟಿಂಗಿನಲ್ಲಿ ಇರಬೇಕು. ಮೊದಲು 20 ಜನ ಇತ್ತು. ನಮ್ಮೂರಲ್ಲಿ ಆ 12 ಜನರನ್ನು ಒಟ್ಟು ಹಾಕೋದು ಅಂದರೆ ಕೊನೆಗಾರನನ್ನು ಹುಡುಕೋದಕ್ಕಿಂತ ಕಷ್ಟ. ಪ್ಲೇಡೇಟಿನಲ್ಲಿ ಎಸ್‌ಡಿಕೆ (ಆಟ ಮಾಡೋಕೆ ಬೇಕಾದ ಸಾಫ್ಟ್‌ವೇರ್ ಕಟ್ಟು) ಪುಕ್ಕಟೆ, ಲುವಾ ಅಥವಾ ಸಿ ಕೋಡಿಂಗ್ ಭಾಷೆ ಯಾವುದರಲ್ಲಾದರೂ ಬರೆಯಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಮ್ಯುಲೇಟರ್ ಇದೆ, ಯಂತ್ರ ಇಲ್ಲದೆಯೂ ಆಟ ಮಾಡಬಹುದು. ಮುಗಿದಮೇಲೆ ಯಾರನ್ನೂ ಕೇಳದೆ ಯಾರಿಗೆ ಬೇಕಾದರೂ ಫೈಲ್ ಕೊಡಬಹುದು, ಅವರು ತಮ್ಮ ಖಾತೆಗೆ ಹಾಕಿ ವೈಫೈ ಮೂಲಕ ಇಳಿಸಿಕೊಳ್ಳುತ್ತಾರೆ. @ಬೆಸುಗೆ ಕಡ್ಡಿ, ಸೋರ್ಸ್ ಕೋಡ್ ಇಲ್ಲ ಅನ್ನೋದು ಸರಿ, ಆದರೆ ಬಾಗಿಲು ತೆರೆದಿದೆ. ನನಗೆ ಅಷ್ಟು ಸಾಕು.

ಬೆಸುಗೆ ಕಡ್ಡಿ:
ಬಾಗಿಲು ತೆರೆದಿರೋದು ಮನೆ ಯಜಮಾನನಿಗೆ ಮನಸ್ಸಿರೋವರೆಗೆ. ಇರಲಿ, ನನ್ನ ಸಾಬೂನು ಡಬ್ಬಿ ನನಗೆ.

ಲೆಡ್ಜರ್:
ಮಾರಾಟದ ವಿಷಯ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ವೃತ್ತಿಯಲ್ಲಿ ಲೆಕ್ಕಪತ್ರ ನೋಡೋದು, ಹವ್ಯಾಸಕ್ಕೆ ಆಟ.

ಪ್ಲೇಡೇಟಿನ ಸ್ವಂತ ಅಂಗಡಿ ಕ್ಯಾಟಲಾಗ್, 2023ರ ಮಾರ್ಚಿನಲ್ಲಿ ಶುರುವಾಯಿತು. ಅಲ್ಲಿ ಅವರು ಆಡಿ ನೋಡಿ ಆರಿಸುತ್ತಾರೆ, ಕಳಿಸಿದ್ದೆಲ್ಲ ಹತ್ತೋದಿಲ್ಲ. ಇನ್ನೊಂದು ದಾರಿ ಇಚ್ ಡಾಟ್ ಐಓ ಅನ್ನೋ ಆಟ ಮಾರುವ ವೆಬ್‌ಸೈಟ್. ಅದರಲ್ಲಿ ಆರಿಸೋದು ಗೀರಿಸೋದು ಇಲ್ಲ, ಇವತ್ತು ಹಾಕಿದರೆ ಇವತ್ತೇ ಅಂಗಡಿಯಲ್ಲಿ. ಅವರ ಪಾಲು ಮಾಮೂಲಿಗೆ ಶೇಕಡ 10, ಬೇಕಿದ್ದರೆ ನಾವೇ ಸೊನ್ನೆಗೂ ಇಳಿಸಬಹುದು. ಎರಡು ಕಡೆಯೂ ಇಡೋಕೆ ಅಡ್ಡಿ ಇಲ್ಲ. ಮೊದಲು ಇಚ್‌ನಲ್ಲಿ ಹಾಕಿ, ನಾಲ್ಕು ಜನರ ಮಾತು ಕೇಳಿ ತಿದ್ದಿ, ಆಮೇಲೆ ಕ್ಯಾಟಲಾಗಿಗೆ ಕಳಿಸು ಅನ್ನೋದು ನನ್ನ ಸಲಹೆ.

ತೆರಿಗೆ. ಅಮೆರಿಕದ ಅಂಗಡಿಯವರು ಡಬ್ಲ್ಯೂ-8ಬೆನ್ ಅನ್ನೋ ಫಾರಂ ತುಂಬಿಸುತ್ತಾರೆ. ಅದನ್ನು ಸುಮ್ನೆ ಬಿಟ್ಟರೆ ಅಲ್ಲಿನ ಗ್ರಾಹಕರಿಂದ ಬಂದ ರಾಯಲ್ಟಿಯಲ್ಲಿ ಶೇಕಡ 30 ಹಿಡಿದುಕೊಳ್ಳಬಹುದು. ಭಾರತ ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಅದು 15. ಪ್ಯಾನ್ ನಂಬರ್ ಕೊಟ್ಟು ಸರಿಯಾಗಿ ತುಂಬಿ. ಹಿಡಿದದ್ದಕ್ಕೆ ಇಲ್ಲಿ ರಿಟರ್ನ್ ಹಾಕುವಾಗ ಕ್ರೆಡಿಟ್ ಕೇಳಬಹುದು. ಬ್ಯಾಂಕಿನವರು ದುಡ್ಡು ಯಾತಕ್ಕೆ ಬಂತು ಅಂತ ಪರ್ಪಸ್ ಕೋಡ್ ಕೇಳುತ್ತಾರೆ. ನನ್ನ ಒಬ್ಬ ಕ್ಲೈಂಟ್ 'ಉಡುಗೊರೆ' ಅಂತ ಹೇಳಿಬಿಟ್ಟು ಆಮೇಲೆ ಮೂರು ಸಲ ಓಡಾಡಿದ. ನಮ್ಮ ರಾಜ್ಯದಲ್ಲಿ ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಅಷ್ಟು ದುಡಿದ ದಿನ ನನಗೆ ಒಂದು ಫೋನ್ ಮಾಡಿ, ಜೋಗದಲ್ಲಿ ಊಟ ಹಾಕಿಸಿ.

ಬೆಲೆ? ತೀರಾ ಪುಕ್ಕಟೆ ಕೊಡಬೇಡಿ. ಮೂರೋ ಐದೋ ಡಾಲರ್ ಇಡಿ. ಪುಕ್ಕಟೆ ಇಳಿಸಿಕೊಂಡವರು ಆಡೋದೂ ಇಲ್ಲ, ಬೈಯೋದೂ ಇಲ್ಲ.

ಕಾಫಿಪುಡಿ:
20 ಲಕ್ಷಕ್ಕೆ ಎಷ್ಟು ಕ್ವಿಂಟಾಲ್ ಅಡಿಕೆ ಆಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇನೆ.

ಮೈಲುತುತ್ತ ಅಕ್ಕ:
ತೀರ್ಥಹಳ್ಳಿಯಿಂದ. ಆಟದ ಕೋಡ್ ಗೀಡ್ ನನಗೆ ತಿಳಿಯೋದಿಲ್ಲ, ಮಗಳು ತೋರಿಸಿದಳು ಅಂತ ಓದಿದೆ. ತಮ್ಮಾ, ಒಂದು ಕೇಳುತ್ತೇನೆ. ಮಳೆ ಇದೆ, ಕೊನೆ ಕೊಯ್ಯೋದೂ ಇದೆ ಅಂತೀಯಲ್ಲ, ಯಾವ ಊರಲ್ಲಿ ಜಡಿಮಳೆಯಲ್ಲಿ ಕೊನೆ ತೆಗೆಯುತ್ತಾರೆ? ಮಳೆಗಾಲದಲ್ಲಿ ಮರ ಹತ್ತೋದು ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಕೊನೆ ಕೊಯ್ಲು ದಸರಾ ಹೊತ್ತಿಗೆ, ಬಿಸಿಲು ಬಂದಮೇಲೆ. ಸುಲಿದು ಬೇಯಿಸಿ ಒಣಗಿಸೋಕೆ ಬಿಸಿಲು ಬೇಡವಾ?

ಇನ್ನೊಂದು. ಒದ್ದೆ ಮರದಲ್ಲಿ ತೂಗಿ ಪಕ್ಕದ ಮರ ಹಿಡಿಯೋದು ತಮಾಷೆ ಅಲ್ಲ. ನಮ್ಮ ತೋಟಕ್ಕೆ ಬರುತ್ತಿದ್ದವರು ಒಬ್ಬರು ಜಾರಿ ಬಿದ್ದು ಆರು ತಿಂಗಳು ಮಲಗಿದ್ದರು. ಆಟದಲ್ಲಿ ಬಿದ್ದವನು ಥಟ್ಟನೆ ಎದ್ದು ಮತ್ತೆ ಹತ್ತುತ್ತಾನಾ?

ತೋಟದಂಚು:
ಅಕ್ಕಾ, ತಪ್ಪಾಯಿತು. ಗೊತ್ತಿದ್ದೂ ಮಾಡಿದ್ದು. ಪರದೆ ಮೇಲೆ ಮಳೆ ಗೆರೆ ಚಂದ ಕಾಣುತ್ತಿತ್ತು ಅಂತ ಎಲ್ಲ ಲೆವೆಲ್ಲಿಗೂ ಹಾಕಿಬಿಟ್ಟೆ. ಮತ್ತೆ ಹೌದು, ಬಿದ್ದವನು ಥಟ್ಟನೆ ಏಳುತ್ತಾನೆ, ಮೂರು ಜೀವ ಇದೆ. ಈಗ ಓದಿ ಒಂಥರಾ ಆಯಿತು.

ದೋಟಿ:
ಮೂರು ಜೀವ ತೆಗೆದುಹಾಕಿ. ಬಿದ್ದರೆ ಆ ವರ್ಷದ ಕೊಯ್ಲು ಮುಗಿಯಿತು, ಮುಂದಿನ ವರ್ಷದಿಂದ ಶುರು. ಮತ್ತೆ ಈಗ ನಮ್ಮ ಕಡೆ ಯಾರೂ ಹತ್ತೋದೇ ಇಲ್ಲ, ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ. ಕತ್ತು ನೋವು ಬರುತ್ತದೆ ಅಷ್ಟೇ. ಕೊನೇ ಲೆವೆಲ್ಲಿನಲ್ಲಿ ದೋಟಿ ಹಿಡಿದವನು ಬಂದು ಕೊನೆಗಾರನ ಜೊತೆ ಪಂದ್ಯ ಕಟ್ಟಲಿ.

ಪಿಕ್ಸೆಲ್ ಕಷಾಯ:
ದೋಟಿ ಅನ್ನೋ ಹೆಸರಿನವರು ದೋಟಿ ಪರ ಮಾತಾಡದೆ ಇನ್ನೇನು. ಆದರೆ ಐಡಿಯಾ ಬೊಂಬಾಟ್.

ತೋಟದಂಚು:
ಇನ್ನೊಂದು ತಾಂತ್ರಿಕ ಪ್ರಶ್ನೆ ಇದೆ. ಸಿಮ್ಯುಲೇಟರಿನಲ್ಲಿ ಬೆಣ್ಣೆ ಹಾಗೆ ಓಡೋ ಆಟ ಯಂತ್ರದಲ್ಲಿ ಹಾಕಿದರೆ ಮರ ತೂಗುವಾಗ ತಡವರಿಸುತ್ತದೆ. ಸೆಕೆಂಡಿಗೆ 30 ಚಿತ್ರ ಬರಬೇಕಾದಲ್ಲಿ 11, 12 ಬರುತ್ತಿದೆ.

ಪಿಕ್ಸೆಲ್ ಕಷಾಯ:
ಸಿಮ್ಯುಲೇಟರ್ ಓಡೋದು ನಿನ್ನ ಲ್ಯಾಪ್‌ಟಾಪಿನ ಬಲದಲ್ಲಿ, ಯಂತ್ರದ ಚಿಪ್ 168 ಮೆಗಾಹರ್ಟ್ಸ್. ಮರವನ್ನು ಪ್ರತಿ ಫ್ರೇಮಿಗೂ ತಿರುಗಿಸಿ ಬಿಡಿಸುತ್ತಿದ್ದೀಯಾ?

ತೋಟದಂಚು:
ಹೌದು. ಐದು ಮರ.

ಪಿಕ್ಸೆಲ್ ಕಷಾಯ:
ಅಲ್ಲೇ ಇದೆ ರೋಗ. ಬಾಗಿದ ಮರದ ಹದಿನೈದು ಚಿತ್ರ ಮೊದಲೇ ಮಾಡಿ ಇಮೇಜ್ ಟೇಬಲ್ಲಿಗೆ ಹಾಕು, ಆಡುವಾಗ ಬೇಕಾದ್ದನ್ನು ಎತ್ತಿ ತೋರಿಸು. ಮತ್ತೆ ಅಪ್‌ಡೇಟ್ ಫಂಕ್ಷನ್ ಒಳಗೆ ಚಿತ್ರ ಲೋಡ್ ಮಾಡಬೇಡ, ಪ್ರತಿ ಫ್ರೇಮಿಗೂ ಹೊಸ ಟೇಬಲ್ (ಲುವಾದಲ್ಲಿ ಮಾಹಿತಿ ಇಡೋ ಡಬ್ಬ) ಹುಟ್ಟಿಸಬೇಡ. ಲುವಾ ಆ ಕಸ ಗುಡಿಸೋಕೆ ನಿಂತರೆ ಆಟ ನಿಲ್ಲುತ್ತದೆ. ಮಳೆಗೆ ಏನು ಮಾಡಿದ್ದೀಯಾ?

ತೋಟದಂಚು:
ಪ್ರತಿ ಹನಿಗೂ ಒಂದು ಟೇಬಲ್. 😐

ಪಿಕ್ಸೆಲ್ ಕಷಾಯ:
ಆಗುಂಬೆ ಮಳೆಗೆ ಹನಿ ಹನಿಗೂ ಟೇಬಲ್ ಅಂದರೆ ಯಂತ್ರ ಸಾಯದೆ ಏನು ಮಾಡುತ್ತದೆ ಮಾರಾಯ. ನಾಲ್ಕು ಮಳೆ ಚಿತ್ರ ಮಾಡಿ ಒಂದಾದಮೇಲೆ ಒಂದು ಓಡಿಸು, ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ.

ಬೆಸುಗೆ ಕಡ್ಡಿ:
ನೋಡಿದಿರಾ, ಎರಡೂವರೆ ಕೆಬಿಯಲ್ಲಿ ಬೆಳೆದವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

ಅಪ್ಪನ ಪ್ರಶ್ನೆಗೆ ನನ್ನದೊಂದು ಉತ್ತರ: ಟಿಕ್-80 ನೋಡಿ. ಅದು ಕಂಪ್ಯೂಟರಿನ ಒಳಗೇ ಇರೋ ಕಾಲ್ಪನಿಕ ಯಂತ್ರ, ಪರದೆ 240 x 136, ಬಣ್ಣ 16. ಪುಕ್ಕಟೆ, ಸೋರ್ಸ್ ಕೋಡೂ ಓಪನ್. ಅದರಲ್ಲೂ ಲುವಾ ನಡೆಯುತ್ತದೆ, ಹಾಗಾಗಿ ಮರ ತೂಗೋ ಲೆಕ್ಕ, ಕೊನೆ ಎಣಿಕೆ ಎಲ್ಲ ಹಾಗೇ ಎತ್ತಿಕೊಂಡು ಹೋಗಬಹುದು, ಚಿತ್ರ ಮಾತ್ರ ಹೊಸದಾಗಿ ಬಿಡಿಸಬೇಕು. ಬ್ರೌಸರಿನಲ್ಲಿ ಓಡೋ ಹಾಗೆ ತೆಗೆದುಕೊಟ್ಟರೆ ಊರವರೆಲ್ಲ ಫೋನಿನಲ್ಲೇ ಆಡುತ್ತಾರೆ. ಹ್ಯಾಂಡಲ್ ಬದಲು ಬೆರಳಲ್ಲಿ ಸುತ್ತು ಹಾಕಲಿ.

ಅಂಕೆಸಂಖ್ಯೆ:
ಭಾಷೆ ಆರಿಸೋಕೆ ಕೊಡುತ್ತೀರಾ? ಕನ್ನಡ ಮೊದಲು ಇರಬೇಕು.

ತೋಟದಂಚು:
ಪ್ಲೇಡೇಟಿನ ಸಿಸ್ಟಮ್ ಮೆನುಗೆ ನಮ್ಮದು ಅಂತ ಮೂರು ಐಟಂ ಸೇರಿಸಬಹುದು. ಒಂದು ಭಾಷೆಗೆ, ಒಂದು ಅಂಕಿಗೆ. ಆಟ ತೆರೆದಾಗ ಕನ್ನಡ, ಕನ್ನಡ ಅಂಕಿ. ಬೇಡದವರು ಬದಲಾಯಿಸಿಕೊಳ್ಳಲಿ.

ತೋಟದಂಚು:
ಹನ್ನೆರಡು ದಿನ ಆಯಿತು. ಟವರ್ ಕೈಕೊಟ್ಟಿತ್ತು, ಅದಕ್ಕೇ ಬರಲಿಲ್ಲ. ಮಳೆ ನಾಲ್ಕು ಚಿತ್ರಕ್ಕೆ ಇಳಿಯಿತು, ಮರ ಹದಿನೈದಕ್ಕೆ. ಈಗ 30 ಗಟ್ಟಿಯಾಗಿ ನಿಂತಿದೆ. ಆಟ ಎರಡು ಭಾಗ ಆಯಿತು, ಮಳೆಗಾಲಕ್ಕೆ ಔಷಧಿ, ದಸರಾ ಮೇಲೆ ಕೊಯ್ಲು. ಔಷಧಿ ಭಾಗದಲ್ಲಿ ಮೈಲುತುತ್ತ ಸುಣ್ಣ ಸಮ ಬೆರೆಸದಿದ್ದರೆ ಕೊಳೆ ಬಂದು ಆಮೇಲೆ ಕೊಯ್ಯೋಕೆ ಕೊನೆಯೇ ಇರೋದಿಲ್ಲ. ಜೀವ ಒಂದೇ.

ಹಳೇ ಸೆಲ್ಲು ಅಣ್ಣ ಹೇಳಿದ ಹಾಗೆ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಮನೆ ಒಳಗೆ ಪರದೆ ಕಾಣೋದಿಲ್ಲ ಅಂದರು, ಅದಕ್ಕೆ ಹಿಂದಿನಿಂದ ಬೆಳಕಿಲ್ಲವಲ್ಲ. ಅಂಗಳಕ್ಕೆ ಹೋಗಿ ಬಿಸಿಲಲ್ಲಿ ಹಿಡಿದರೆ ಪೇಪರಿನ ಹಾಗೆ ಕಂಡಿತು. ಹ್ಯಾಂಡಲ್ ತಿರುಗಿಸಿ ಮೂರನೇ ಮರದವರೆಗೆ ಹೋದರು. ಆಮೇಲೆ ನಮ್ಮ ಕೊನೆಗಾರರು ಬಂದಿದ್ದರು, ಅವರ ಕೈಗೆ ಕೊಟ್ಟರು. ಅವರು ಒಂದು ನಿಮಿಷ ನೋಡಿ, "ಇವನ ಕಾಲಲ್ಲಿ ತಳೆ ಎಲ್ಲಿ?" ಅಂದರು.

ಮರ ಹತ್ತುವಾಗ ಪಾದಕ್ಕೆ ಹಾಕಿಕೊಳ್ಳೋ ಬಳೆ ಅದು, ಬಿಡಿಸಿರಲೇ ಇಲ್ಲ. ಇವತ್ತು ರಾತ್ರಿ ಅದೇ ಕೆಲಸ.

ಮೈಲುತುತ್ತ ಅಕ್ಕ:
ಅದನ್ನೇ ನಾನೂ ಹೇಳಬೇಕಿತ್ತು, ಮರೆತೆ ನೋಡು.

ಪಿಕ್ಸೆಲ್ ಕಷಾಯ:
ತಳೆ ಎರಡು ಪಿಕ್ಸೆಲ್ ದಪ್ಪ ಇರಲಿ, ಒಂದಾದರೆ ಮರದ ಗಂಟಿನ ಜೊತೆ ಸೇರಿಹೋಗುತ್ತದೆ.

ಕಾಫಿಪುಡಿ:
ಎಲ್ಲ ಸರಿ, ಆ ಕೊನೆಗಾರರ ನಂಬರ್ ಇದ್ದರೆ ಕೊಡಿ. ನಮ್ಮ ತೋಟಕ್ಕೆ ಈ ವರ್ಷ ಯಾರೂ ಸಿಕ್ಕಿಲ್ಲ.